‘ಎಲ್ಲಿಗೆ’ ಎನ್ನಬಾರದ ಮನೆ

ಮಸ್ಕಿಯ ನಮ್ಮ ಮನೆಯ ತಲೆಬಾಗಿಲಿಗೆ ನಡುವೆ ಸವೆದು ತಗ್ಗಾದ ಕಲ್ಲಿನ ಹೊಸ್ತಿಲಿತ್ತು. ಅದನ್ನು ದಾಟಿ ಹೊರಗೆ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳುವ ಹಾಗಿರಲಿಲ್ಲ. ಕೇಳಿದರೆ ಹೋಗುವವರ ಕೆಲಸ ಕೆಡುತ್ತದೆ ಎಂಬುದು ಅಜ್ಜಿಯ ಕಾನೂನು. ಅಜ್ಜಿ ಎಂದರೆ ಅಪ್ಪನ ತಾಯಿ. ಬಜಾರಿನಲ್ಲಿದ್ದ ಕಿರಾಣಿ ಅಂಗಡಿ ಅಪ್ಪನದಾದರೂ ಮನೆ ಅವಳದು. ಯಾರಾದರೂ ಮರೆತು ಆ ಮಾತು ಆಡಿಬಿಟ್ಟರೆ ಹೊರಟವರು ಹಿಂದಕ್ಕೆ ಬಂದು, ಚಪ್ಪಲಿ ಕಳೆದು, ಪಡಸಾಲೆಯ ಚಾಪೆಯ ಮೇಲೆ ಕೂರಬೇಕು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದು, ಆಮೇಲೆ ಹೊಸದಾಗಿ ಹೊರಡಬೇಕು. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು, ಅದು ಬೇರೆ ಮಾತು. ಕೇಳಲೇಬೇಕು ಎನ್ನುವವರು ‘ದೂರ ಹೊಂಟ್ರೇನ್ರಿ?’ ಎನ್ನಬೇಕು. ಹೋಗುವವರಿಗೆ ಮನಸ್ಸಿದ್ದರೆ ಊರಿನ ಹೆಸರು ಹೇಳುತ್ತಾರೆ, ಇಲ್ಲದಿದ್ದರೆ ‘ಹೂಂ’ ಎಂದು ನಡೆಯುತ್ತಾರೆ. ಈಗ ಯೋಚಿಸಿದರೆ ಅದು ಒಳ್ಳೆಯ ಮರ್ಯಾದೆಯೇ. ಮನುಷ್ಯ ತನ್ನ ಪಾಡಿಗೆ ತಾನು ಹೋಗಲಿ, ಲೆಕ್ಕ ಒಪ್ಪಿಸಬೇಕಾಗಿಲ್ಲ ಎಂಬ ಮರ್ಯಾದೆ. ನನಗೆ ಸಿಟ್ಟು ಬರುವುದು ಅದಕ್ಕಲ್ಲ. ಆ ಮರ್ಯಾದೆ ಅಪ್ಪನಿಗಿತ್ತು, ಅಪ್ಪನ ತಮ್ಮನಾದ ಕಾಕಾನಿಗಿತ್ತು, ಓಣಿಯಲ್ಲಿ ಹಾದುಹೋಗುವ ಎಲ್ಲ ಗಂಡಸರಿಗೂ ಇತ್ತು. ನನ್ನ ಅಕ್ಕನಿಗೆ ಮಾತ್ರ ಇರಲಿಲ್ಲ.

ಅಕ್ಕ ಶಾಂತಾ ನನಗಿಂತ ಏಳೆಂಟು ವರ್ಷ ದೊಡ್ಡವಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಅವಳು ಕೊಡ ಹಿಡಿದು ಎದ್ದರೆ ಸಾಕು, ದೇವರ ಜಗುಲಿಯ ಮುಂದಿನಿಂದ ಅಜ್ಜಿ ‘ಎಲ್ಲಿಗೆ ಹೊಂಟೀ ಬೇ?’ ಎನ್ನುತ್ತಿದ್ದಳು. ಅಂಗಳದಲ್ಲಿ ಕಾಕಾ ‘ಎಲ್ಲಿಗೆ?’ ಎನ್ನುತ್ತಿದ್ದ. ಹೊರಗಿನ ಕಟ್ಟೆಯ ಮೇಲೆ ಕೂತ ಅಪ್ಪ ಪೇಪರಿನಿಂದ ತಲೆ ಎತ್ತದೆ ‘ಎಲ್ಲಿಗವಾ?’ ಎನ್ನುತ್ತಿದ್ದ. ನಳದ ನೀರಿಗೆ ಹೋಗುವವಳು ಹೊಸ್ತಿಲು ದಾಟುವಷ್ಟರಲ್ಲಿ ಮೂರು ಸಲ ಜವಾಬು ಕೊಡಬೇಕಾಗಿತ್ತು. ಅವಳನ್ನು ಯಾರೂ ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿ ಬೆಲ್ಲ ಕೊಡಲಿಲ್ಲ. ನಾನು ಆಗ ಐದೋ ಆರೋ ಕ್ಲಾಸು. ಒಂದು ದಿನ ಅಜ್ಜಿಯನ್ನು ಕೇಳಿಯೇಬಿಟ್ಟೆ.

‘ಅಕ್ಕಗ ಎಲ್ಲಿಗೆ ಅಂದ್ರ ಅಪಶಕುನ ಆಗೂದಿಲ್ಲೇನು, ಅಜ್ಜಿ?’

‘ಆಕೀದೇನು ಕೆಲಸ ಕೆಡೂದೈತಿ ಬೇ?’ ಎಂದಳು ಅಜ್ಜಿ, ಹತ್ತಿಯ ಬತ್ತಿ ಹೊಸೆಯುತ್ತಲೇ.

ಆ ಮಾತು ಕೇಳಿ ಎಷ್ಟೋ ವರ್ಷವಾಯಿತು, ನಾನೀಗ ಐವತ್ತರ ಹತ್ತಿರ ಬಂದಿದ್ದೇನೆ. ಇಂದಿಗೂ ನೆನಪಾದರೆ ಮೈ ಉರಿಯುತ್ತದೆ. ಅಜ್ಜಿ ಕೆಟ್ಟವಳಾಗಿರಲಿಲ್ಲ, ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಹಣೆಯ ಮೇಲೆ ಕೈಯಿಟ್ಟು ಕೂತವಳು ಅವಳೇ. ಆದರೂ ಉರಿಯುತ್ತದೆ.

ಇನ್ನೊಂದು ಕಾನೂನು ಊಟದ್ದು. ಮೊದಲು ಗಂಡಸರು, ಆಮೇಲೆ ನಾವು. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಪಡಸಾಲೆಯವರೆಗೂ ಕೇಳುತ್ತಿತ್ತು, ಅವ್ವನ ದನಿ ಮಾತ್ರ ಕೇಳುತ್ತಿರಲಿಲ್ಲ. ಬಡಿಸುವವಳು ಅಜ್ಜಿ. ಪುಂಡಿಪಲ್ಯ ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. ಒಂದು ಸಲ ತಾಟಿನ ಮೇಲೆ ಕೈ ಅಡ್ಡ ಹಿಡಿದು ‘ಒಲ್ಲೆ’ ಎಂದಳು. ಅಜ್ಜಿ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

‘ಅನ್ನದ ಮುಂದ ಒಲ್ಲೆ ಅನಬಾರದು. ಸಾಕು ಅನಬೇಕು.’

ಅನ್ನದ ಮಟ್ಟಿಗೆ ನಾನಿದನ್ನು ಒಪ್ಪುತ್ತೇನೆ, ನನ್ನ ಮನೆಯಲ್ಲೂ ಹಾಗೇ ಹೇಳುತ್ತೇನೆ. ಆದರೆ ನಮ್ಮ ಮನೆಯಲ್ಲಿ ಆ ಕಾನೂನು ತಾಟಿನಿಂದ ಎದ್ದು ಊರೆಲ್ಲ ತಿರುಗಿತು. ಹಬ್ಬಕ್ಕೆ ತಂದ ಸೀರೆಯ ಬಣ್ಣಕ್ಕೆ ಒಲ್ಲೆ ಅನಬಾರದು. ಬಂದವರ ಮುಂದೆ ಹಾಡು ಎಂದರೆ ಒಲ್ಲೆ ಅನಬಾರದು. ‘ಸಾಕು’ ಎನ್ನಬೇಕಾದರೆ ಮೊದಲು ಒಂದಿಷ್ಟು ತಾಟಿಗೆ ಬಿದ್ದಿರಬೇಕಲ್ಲ? ಬೀಳುವ ಮೊದಲೇ ಬೇಡ ಎನ್ನುವುದಕ್ಕೆ ನಮ್ಮ ಮನೆಯ ಹೆಣ್ಣುಮಕ್ಕಳ ಬಾಯಲ್ಲಿ ಶಬ್ದವೇ ಇರಲಿಲ್ಲ. ಇದ್ದ ಶಬ್ದವನ್ನು ಅಜ್ಜಿ ಸೌಟಿನಿಂದ ತಡೆದಿದ್ದಳು.

ಅಕ್ಕನಿಗೆ ಲಿಂಗಸೂಗೂರಿಗೆ ಹೋಗಿ ಟೀಚರ್ ಟ್ರೇನಿಂಗ್ ಮಾಡುವ ಆಸೆಯಿತ್ತು. ನೇರ ಅಪ್ಪನಿಗೆ ಹೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಕ್ಕ ಅವ್ವನಿಗೆ ಹೇಳಿದಳು, ಅವ್ವ ಅಜ್ಜಿಗೆ ಹೇಳಿದಳು, ಅಜ್ಜಿ ಅಪ್ಪನಿಗೆ ಹೇಳಿದಳು. ಅಪ್ಪನಿಗೆ ಮುಟ್ಟುವಷ್ಟರಲ್ಲಿ ಆ ಮಾತಿನಿಂದ ಲಿಂಗಸೂಗೂರು ಬಿದ್ದುಹೋಗಿತ್ತು, ಟ್ರೇನಿಂಗ್ ಬಿದ್ದುಹೋಗಿತ್ತು, ಉಳಿದದ್ದು ‘ಹುಡುಗಿಗೆ ಮನ್ಯಾಗ ಕುಂತು ಬ್ಯಾಸರಾಗೇತಿ’ ಎಂಬುದಷ್ಟೇ. ಬೇಸರಾದ ಹುಡುಗಿಗೆ ಅಪ್ಪ ಏನು ಮಾಡಬೇಕೋ ಅದನ್ನೇ ಮಾಡಿದ. ವರ ನೋಡಿದ.

ಸಂಬಂಧ ತುರ್ವಿಹಾಳದ್ದು. ಕಾಲುವೆ ನೀರು, ಎರಡು ಬೆಳೆ ಭತ್ತ, ಜೀಪು ಇರುವ ಮನೆತನ. ಊರಿನವರೆಲ್ಲ ಅವರನ್ನು ಸಾಹುಕಾರರು ಎನ್ನುತ್ತಿದ್ದರು. ಅವರು ಆ ವರ್ಷ ತಮ್ಮ ಗೋದಾಮಿನ ಪಕ್ಕದಲ್ಲಿ ತಗಡಿನ ಶೆಡ್ ಹಾಕಿ ಇಂಗ್ಲಿಷ್ ಮೀಡಿಯಂ ಶಾಲೆ ತೆರೆದಿದ್ದರು. ಮಗನಿಗೆ ಹೆಣ್ಣು ಬೇಕು. ಹೆಣ್ಣಿಗೆ ಇಂಗ್ಲಿಷ್ ಬರಬೇಕು. ಅಪ್ಪ ಊಟಕ್ಕೆ ಕೂತಾಗ ಇದನ್ನು ಹೇಳಿ, ಕಾಕಾನ ಕಡೆ ನೋಡಿದ. ಕಾಕಾ ರೊಟ್ಟಿ ಮುರಿಯುವುದು ನಿಲ್ಲಿಸಿ ಎದೆ ಸೆಟೆಸಿದ. ಕಾಕಾ ಲಿಂಗಸೂಗೂರಿನ ಕಾಲೇಜಿನಲ್ಲಿ ಬಿಎ ಓದಿದವನು. ಎಲ್ಲ ವಿಷಯದಲ್ಲೂ ಪಾಸು, ಇಂಗ್ಲಿಷ್ ಒಂದು ಬಿಟ್ಟು. ಮಸ್ಕಿಯ ಶಾಸನದ ಕಲ್ಲು ನೋಡಲು ಆಗೀಗ ಹೊರದೇಶದವರು ಬರುತ್ತಿದ್ದರು. ಅವರು ಬಸ್ಸು ಇಳಿದರೆಂದು ಕೇಳಿದರೆ ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು ಓಡುತ್ತಿದ್ದ. ‘ವೇರ್ ಡು ಯು ಕಮ್ ಫ್ರಂ?’ ಎಂದು ಕೇಳಿ, ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ವಾಪಸು ಬರುತ್ತಿದ್ದ. ಎಲ್ಲಿಯವರಂತೆ ಎಂದು ನಾವು ಕೇಳಿದರೆ ‘ಹೊರಗಿನವರು’ ಎನ್ನುತ್ತಿದ್ದ. ಕಾಕಾನಿಗೆ ಪ್ರಶ್ನೆ ಕೇಳುವುದು ಬರುತ್ತಿತ್ತು, ಉತ್ತರ ತಿಳಿದುಕೊಳ್ಳುವ ಅಭ್ಯಾಸ ಇರಲಿಲ್ಲ. ಅಂಥವನು ಅಕ್ಕನಿಗೆ ಮೇಷ್ಟ್ರಾದ. ಇಂಗ್ಲಿಷಿನಲ್ಲಿ ಪಾಸಾಗಿದ್ದ ಅಕ್ಕ ಶಿಷ್ಯೆಯಾದಳು!

ಪಡಸಾಲೆಯ ಹಳೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಪಾಠ ಶುರುವಾಯಿತು. ಅಕ್ಕ ಜವಾಬು ಹೇಳುವವಳು. ಸವಾಲು ಕೇಳುವವರು ಬೇಕಲ್ಲ, ಅದಕ್ಕೆ ನನ್ನನ್ನು ಎಳೆದು ಕೂರಿಸಿದರು. ನನ್ನ ದನಿ ಜೋರಾಗಿತ್ತು ಎಂಬುದೊಂದೇ ಕಾರಣ. ಕಾಕಾ ಕಲಿಸಿದ್ದು ಸುಲಭದ ಉಪಾಯ.

‘ನೋಡು ನೀಲಾ, ಯು ಆರ್ ಅಂದ್ರ ಹೇಳಿದಂಗ. ಅದನ್ನ ತಿರುವಿ ಆರ್ ಯು ಅಂದ್ರ ಕೇಳಿದಂಗ. ಯು ಕ್ಯಾನ್, ಕ್ಯಾನ್ ಯು. ಯು ವಿಲ್, ವಿಲ್ ಯು. ತಿರುವೋ ಮಾತು ಸಿಗಲಿಲ್ಲಂದ್ರ ಮುಂದ ಡು ಹಚ್ಚು. ಮುಗೀತು.’

ಕಾಕಾನ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ, ಈ ಒಂದು ಪಾಠಕ್ಕೆ ನಾನು ಅವನಿಗೆ ಋಣಿ. ಮನೆಯಲ್ಲಿ ಯಾರು ಏನೇ ಖಡಾಖಂಡಿತವಾಗಿ ಹೇಳಲಿ, ಅದರ ಎರಡು ಶಬ್ದ ಅದಲುಬದಲು ಮಾಡಿದರೆ ಅದು ಪ್ರಶ್ನೆಯಾಗಿ ಎದ್ದು ನಿಲ್ಲುತ್ತಿತ್ತು. ನನಗೆ ಹುಚ್ಚೇ ಹಿಡಿಯಿತು. ಅಜ್ಜಿಯ ಮುಂದೆ ನಿಂತು ‘ಆರ್ ಯು ಮೈ ಅಜ್ಜಿ?’ ಎಂದು ಕೇಳಿದೆ. ಅವಳು ‘ಹೋಗ್ ಬೇ ಹುಚ್ಚಿ’ ಎಂದು ನಕ್ಕಳು. ಅರ್ಥವಾಗಿದ್ದರೆ ನಗುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದರೆ ಎದುರುಮಾತು ಎನಿಸುವುದೆಲ್ಲ ಇಂಗ್ಲಿಷಿನಲ್ಲಿ ಕೇಳಿದರೆ ಪಾಠ ಎನಿಸುತ್ತಿತ್ತು.

ಅಕ್ಕನ ಪಾಲಿಗೆ ಬಂದದ್ದು ಬರೀ ಉತ್ತರ, ಅದರಲ್ಲೂ ಅರ್ಧ. ಕ್ಯಾನ್ ಯು ಕುಕ್? ಯೆಸ್, ಐ ಕ್ಯಾನ್. ಡು ಯು ಲೈಕ್ ಚಿಲ್ಡ್ರನ್? ಯೆಸ್, ಐ ಡು. ಬಾಗಿಲ ಮೇಲೆ ಬರೆದ ಉತ್ತರಗಳೆಲ್ಲ ಯೆಸ್‌ನಿಂದಲೇ ಶುರು. ನಾನು ಸುಮ್ಮನಿರಲಿಲ್ಲ.

‘ಬರೂದಿಲ್ಲ ಅನ್ನೂದಿದ್ರ ಏನಂತಾರ, ಕಾಕಾ?’

‘ನೋ ಅಂತಾರ. ಅದು ನಮಗ ಬ್ಯಾಡ.’

‘ಯಾಕ?’

‘ನೋಡಾಕ ಬಂದವರ ಮುಂದ ಹೆಣ್ಣಮಕ್ಕಳು ನೋ ಅನಬಾರದಲೇ. ಚೊಲೋ ಅಲ್ಲ.’

ಅಕ್ಕ ನನ್ನ ಕಡೆ ನೋಡಿ ತುಟಿಯ ಅಂಚಿನಲ್ಲಿ ನಕ್ಕಳು. ಅವಳಿಗೆ ನೋ ಹೇಳಲು ಬರುತ್ತಿತ್ತು. ಅವಳ ಶಾಲೆಯ ಪುಸ್ತಕದಲ್ಲಿ ಎರಡೂ ಥರದ ಉತ್ತರಗಳು ಅಕ್ಕಪಕ್ಕದಲ್ಲೇ ಇದ್ದವು. ನಮ್ಮ ಮನೆಯ ಬಾಗಿಲ ಮೇಲೆ ಬರುವಷ್ಟರಲ್ಲಿ ಒಂದು ಮಾಯವಾಗಿತ್ತು. ಯಾರು ಕೊಟ್ಟ ಅಧಿಕಾರ ಇದು? ಒಂದು ಭಾಷೆಯನ್ನು ಅರ್ಧ ಕೊಯ್ದು, ಗಂಡಿನವರಿಗೆ ಹಿತವಾದ ಭಾಗವನ್ನಷ್ಟೇ ಹುಡುಗಿಯ ಬಾಯಿಗೆ ಹಾಕುವುದು ಎಂಥ ಕಲಿಸುವಿಕೆ? ಆಗ ನನಗೆ ಇಷ್ಟು ಮಾತು ಬರುತ್ತಿರಲಿಲ್ಲ. ಸೀಮೆಸುಣ್ಣ ಮುರಿದು ಎಸೆದು ಓಡಿಹೋಗಿದ್ದೆ.

ಇದರ ನಡುವೆ ನನಗೊಂದು ಪೆಟ್ಟು ಬಿತ್ತು. ಒಂದು ಬೆಳಿಗ್ಗೆ ಅಪ್ಪ ಅಂಗಡಿಯ ಮಾಲು ತರಲು ಕೈಚೀಲ ಹಿಡಿದು ಹೊರಟಿದ್ದ. ಒಂದು ಕಾಲು ಹೊಸ್ತಿಲಾಚೆ ಇತ್ತು. ನಾನು ಕಲಿತದ್ದನ್ನು ತೋರಿಸುವ ಹುರುಪಿನಲ್ಲಿ ‘ವೇರ್ ಆರ್ ಯು ಗೋಯಿಂಗ್?’ ಎಂದೆ. ದಿನಾ ಪಾಠ ಕಿವಿಗೆ ಬಿದ್ದು ಅಪ್ಪನಿಗೆ ಆ ಒಂದು ಪ್ರಶ್ನೆ ಮಾತ್ರ ತಿಳಿಯುತ್ತಿತ್ತು. ಮಗಳ ಬಾಯಲ್ಲಿ ಅದನ್ನು ಕೇಳಿ ಅವನ ಮುಖ ಅರಳಿತು. ಓಣಿಗೆಲ್ಲ ಕೇಳುವಂತೆ ‘ಸಿಂಧನೂರಿಗೆ!’ ಎಂದ. ಅಷ್ಟೇ. ಒಳಗಿನಿಂದ ಅಜ್ಜಿ ಎದ್ದು ಬಂದಳು.

‘ಸಿಂಧನೂರಿಗೆ ಅಂತ ಯಾಕಂದಿ? ಆಕಿ ಏನ್ ಕೇಳಿದ್ಲು?’

ಅಪ್ಪ ತಪ್ಪಿಸಿಕೊಳ್ಳಲು ನೋಡಿದ. ‘ಇಂಗ್ಲಿಷಿನ್ಯಾಗ ಕೇಳಿದ್ಲವ್ವಾ, ಅದು ಲೆಕ್ಕಕ್ಕಿಲ್ಲ.’

‘ಯಾವ ಭಾಷಿದಾದ್ರೇನು? ಎಲ್ಲಿಗೆ ಅಂದ್ರ ಎಲ್ಲಿಗೇ. ಬಾ ಒಳಗ, ಕೂಡು.’

ಅಪ್ಪ ಚಪ್ಪಲಿ ಕಳೆದು ಕೂತ. ಬೆಲ್ಲ ಬಂತು, ನೀರು ಬಂತು, ಬಸ್ಸು ಹೋಯಿತು. ನನ್ನ ಬೆನ್ನಿಗೆ ಅಜ್ಜಿಯ ಗುದ್ದು ಬಿತ್ತು. ಆ ಪ್ರಶ್ನೆಯನ್ನು ಕಲಿಸಿದ ಕಾಕಾ ಮಾತ್ರ ಹಲ್ಲುಜ್ಜುತ್ತ ಹಿತ್ತಲಲ್ಲೇ ಉಳಿದ. ಅಳುತ್ತ ಅಡುಗೆಮನೆಯ ಮೂಲೆಗೆ ಹೋದಾಗ ನನಗೆ ಹೊಳೆದದ್ದು ಇಷ್ಟು: ಈ ಒಂದು ಮಾತಿಗೆ ಅಪ್ಪನಂಥ ಅಪ್ಪನನ್ನೇ ಹೊಸ್ತಿಲಿನಿಂದ ವಾಪಸು ತರುವ ಶಕ್ತಿಯಿದೆ.

ತುರ್ವಿಹಾಳದವರು ಜೀಪಿನಲ್ಲಿ ಬಂದರು. ಸಾಹುಕಾರರು, ಅವರ ಹೆಂಡತಿ, ವರ, ಜೊತೆಗೆ ಒಬ್ಬರು ನಿವೃತ್ತ ಹೆಡ್‌ಮಾಸ್ತರರು. ಹೆಡ್‌ಮಾಸ್ತರರನ್ನು ಅವರು ಕರೆತಂದದ್ದು ಅಕ್ಕನ ಇಂಗ್ಲಿಷನ್ನು ಪರೀಕ್ಷೆ ಮಾಡಲು. ಎತ್ತು ಕೊಳ್ಳುವಾಗ ಹಲ್ಲು ನೋಡುವವರನ್ನು ಕರೆದುಕೊಂಡು ಹೋಗುತ್ತಾರಲ್ಲ, ಹಾಗೆ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಒಗ್ಗರಣೆ ಹಾಕಿದ ಮಂಡಕ್ಕಿ, ಬಿಸಿ ಮಿರ್ಚಿ, ಚಹಾ. ಅಕ್ಕ ಹಸಿರು ಸೀರೆಯುಟ್ಟು ತಟ್ಟೆ ಇಟ್ಟು ಒಂದು ಬದಿಗೆ ಕೂತಳು. ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅವಳ ಬಳೆಗಳು ಕಾಣುತ್ತಿದ್ದವು. ಸಾಹುಕಾರರು ಮಿರ್ಚಿ ತಿನ್ನುತ್ತ ತಮ್ಮ ಶಾಲೆಯ ಬಗ್ಗೆ ಹೇಳಿದರು.

‘ನೋಡ್ರೀ, ಹೊರಗಿನ ಟೀಚರ್ ಇಟ್ಟರ ಪಗಾರ ಕೊಡಬೇಕು, ಮತ್ತ ರಜಾ ಕೇಳ್ತಾರ. ಸೊಸಿ ಆದ್ರ ಮನೀ ಮಗಳು. ಮುಂಜಾನೆ ಮನೀ ಕೆಲಸ ಮುಗಿಸಿ ಸಾಲಿಗೆ ಬಂದ್ರಾತು. ನಮ್ಮ ಸಾಲಿ, ನಮ್ಮ ಹುಡುಗಿ. ಪಗಾರ ಅಂಬೋ ಮಾತ ಇಲ್ಲ.’

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನನಗೆ ಇವತ್ತಿಗೂ ಆ ನಗು ಯಾಕೆಂದು ತಿಳಿದಿಲ್ಲ. ಒಬ್ಬ ಮನುಷ್ಯ ನಮ್ಮದೇ ಜಮಖಾನೆಯ ಮೇಲೆ ಕೂತು, ನಮ್ಮದೇ ಮಿರ್ಚಿ ತಿನ್ನುತ್ತ, ನಿಮ್ಮ ಮಗಳನ್ನು ಪುಕ್ಕಟೆ ದುಡಿಸಿಕೊಳ್ಳುತ್ತೇನೆ ಎಂದು ಬಾಯಿಬಿಟ್ಟು ಹೇಳುತ್ತಿದ್ದಾನೆ. ಅದು ಔದಾರ್ಯದ ಹಾಗೆ ಕೇಳಿಸುತ್ತಿದೆ. ಟೀಚರ್ ಆಗಬೇಕೆಂದೇ ಆಸೆಪಟ್ಟ ಹುಡುಗಿಯ ಮುಂದೆ ಹೀಗೆ ಟೀಚರ್ ಕೆಲಸವನ್ನೇ ತಂದು ಇಟ್ಟಿದ್ದರು, ಓದಿಲ್ಲದೆ, ಪಗಾರವಿಲ್ಲದೆ, ಅವಳ ಒಪ್ಪಿಗೆಯೂ ಇಲ್ಲದೆ. ಅಕ್ಕ ನೆಲ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು.

ಹೆಡ್‌ಮಾಸ್ತರರು ಹೆಸರು, ಊರು ಕೇಳಿದರು. ಅಕ್ಕ ಉತ್ತರ ಹೇಳಿದಳು. ಕಾಕಾನಿಗೆ ತನ್ನ ಪಾಠ ಅಷ್ಟಕ್ಕೇ ಮುಗಿಯುವುದು ಸೇರಲಿಲ್ಲ.

‘ಸರ್, ನಮ್ಮ ಮನ್ಯಾಗ ದಿನಾ ಸವಾಲ್-ಜವಾಬ್ ನಡಿತೈತ್ರಿ. ಸಣ್ಣಾಕಿ ಕೇಳ್ತಾಳ, ದೊಡ್ಡಾಕಿ ಹೇಳ್ತಾಳ. ನೋಡ್ರಿ ಒಂಚೂರು. ಲೇ ನೀಲಾ, ಬಾ ಇಲ್ಲಿ.’

ನಾನು ಜಮಖಾನೆಯ ಅಂಚಿನಲ್ಲಿ ನಿಂತು ಕೈ ಹಿಂದೆ ಕಟ್ಟಿಕೊಂಡು ಶುರು ಮಾಡಿದೆ. ಕ್ಯಾನ್ ಯು ಕುಕ್? ಯೆಸ್, ಐ ಕ್ಯಾನ್. ಡು ಯು ಲೈಕ್ ಚಿಲ್ಡ್ರನ್? ಯೆಸ್, ಐ ಡು. ಒಂದೊಂದು ಉತ್ತರಕ್ಕೂ ಅಜ್ಜಿ ಹಿಗ್ಗುತ್ತಿದ್ದಳು. ವರನ ತಾಯಿ ಅಕ್ಕನ ಕೈಬಳೆಗಳ ಅಳತೆ ನೋಡುತ್ತಿದ್ದಳು. ಕಾಕಾ ಬರೆದುಕೊಟ್ಟ ಪ್ರಶ್ನೆಗಳು ಮುಗಿದವು. ನಾನು ನಿಲ್ಲಿಸಬೇಕಾಗಿತ್ತು. ಆದರೆ ಅಕ್ಕನ ಕಿವಿಯ ಕೆಂಪು ಇಳಿದಿರಲಿಲ್ಲ. ನನಗೆ ಪ್ರಶ್ನೆ ಮಾಡುವುದು ಗೊತ್ತಿತ್ತು. ಯಾರೂ ಬಾಗಿಲ ಮೇಲೆ ಬರೆದುಕೊಡದ ಪ್ರಶ್ನೆಯನ್ನು ನಾನೇ ಮಾಡಿದೆ.

‘ಡು ಯು ವಾಂಟ್ ಟು ಗೋ ಟು ಟ್ರೇನಿಂಗ್?’

ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. ‘ಯೆಸ್, ಐ ಡು.’

ಅಜ್ಜಿ ‘ನೋಡ್ರೀ, ಹೆಂಗ್ ಹೇಳ್ತಾಳ’ ಎಂದು ವರನ ತಾಯಿಗೆ ಹೇಳಿದಳು. ಆಮೇಲೆ ನಾನು ಆ ತಿಂಗಳೆಲ್ಲ ಮನೆಯಲ್ಲಿ ಎಲ್ಲರೂ ಅಕ್ಕನ ಪರವಾಗಿ ಹೇಳುತ್ತಿದ್ದ ‘ಆಕಿಗೆ ಈ ಮದುವಿ ಬೇಕು’ ಎಂಬ ಮಾತನ್ನು ತೆಗೆದುಕೊಂಡು, ಅದರ ಮುಂದೆ ಡು ಹಚ್ಚಿದೆ.

‘ಡು ಯು ವಾಂಟ್ ದಿಸ್ ಮ್ಯಾರೇಜ್?’

ಅಕ್ಕ ಈ ಸಲ ನನ್ನನ್ನು ನೋಡಲಿಲ್ಲ. ವರನನ್ನು ನೋಡಿದಳು. ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ಕ್ಲಾಸಿನಲ್ಲಿ ಎದ್ದು ನಿಂತು ಓದುವ ಹಾಗೆ ಹೇಳಿದಳು.

‘ನೋ, ಐ ಡೋಂಟ್.’

ಆ ಪಡಸಾಲೆಯಲ್ಲಿ ಅದರ ಅರ್ಥ ತಿಳಿದವರು ಇದ್ದರು. ಹೆಡ್‌ಮಾಸ್ತರರಿಗೆ ತಿಳಿಯಿತು. ಡಿಗ್ರಿ ಓದಿದ ವರನಿಗೆ ತಿಳಿಯಿತು. ಅವನು ಮಿರ್ಚಿಯ ತಟ್ಟೆಯ ಕಡೆ ಕಣ್ಣು ತಿರುಗಿಸಿದ. ಕಾಕಾನಿಗೆ ತಿಳಿಯಿತು, ಅವನು ಕುಡಿಯುತ್ತಿದ್ದ ಚಹಾ ಕೆಳಗಿಟ್ಟ. ಈಗ ಎಲ್ಲ ನಿಲ್ಲುತ್ತದೆ ಎಂದುಕೊಂಡಿದ್ದೆ. ಹುಡುಗಿಯನ್ನು ಕೇಳಿದ್ದಾಯಿತು, ಅವಳು ಬೇಡ ಎಂದಿದ್ದಾಯಿತು. ಇನ್ನೇನು ಬೇಕು? ಹೆಡ್‌ಮಾಸ್ತರರು ಕನ್ನಡಕ ಸರಿಮಾಡಿಕೊಂಡು, ಸಾಹುಕಾರರ ಕಡೆ ತಿರುಗಿ, ತಲೆಯಾಡಿಸಿದರು.

‘ಕರೆಕ್ಟ್. ನೋ ಅಂದ ಮ್ಯಾಲೆ ಡೋಂಟ್ ಬರಬೇಕು, ಬಂತು. ಹುಡುಗೀದು ಗ್ರಾಮರ್ ಬರೋಬ್ಬರಿ ಐತ್ರಿ.’

‘ಏನಂದ್ಲೋ?’ ಎಂದು ಅಜ್ಜಿ ಕಾಕಾನನ್ನು ಕೇಳಿದಳು.

‘ಚೊಲೋ ಹೇಳಿದ್ಲವ್ವಾ’ ಎಂದ ಕಾಕಾ.

ಸಾಹುಕಾರರು ‘ಮುಗೀತಲ್ಲ ಮತ್ತ, ಹುಡುಗಿ ಪಾಸು’ ಎಂದು ತೊಡೆ ತಟ್ಟಿಕೊಂಡರು. ಅಪ್ಪ ಕೈ ಮುಗಿದ. ನಾನು ಜೀವನದಲ್ಲಿ ಆಮೇಲೆ ಬಹಳ ಅನ್ಯಾಯ ನೋಡಿದ್ದೇನೆ, ಕೆಲವನ್ನು ಅನುಭವಿಸಿದ್ದೇನೆ. ಆದರೆ ಹೇಳಿದ ಮಾತನ್ನು ಕೇಳಿಸಿಕೊಂಡೂ, ಅದಕ್ಕೆ ಮಾರ್ಕು ಕೊಟ್ಟು ಬದಿಗಿಡುವ ಆ ಜಾಣತನಕ್ಕೆ ಸಮನಾದದ್ದನ್ನು ನೋಡಿಲ್ಲ. ತಿಳಿಯದವರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಅಜ್ಜಿಗೆ, ಅಪ್ಪನಿಗೆ ತಿಳಿಯಲಿಲ್ಲ, ಹೋಗಲಿ. ಆ ಮೂವರು ತಿಳಿದವರು! ಅವರಲ್ಲಿ ಒಬ್ಬನಾದರೂ ಬಾಯಿ ಬಿಟ್ಟು ‘ಹುಡುಗಿ ಒಲ್ಲೆ ಅಂದ್ಲಲ್ರೀ’ ಎಂದು ಕನ್ನಡದಲ್ಲಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅಕ್ಕ ಎದ್ದು ಒಳಗೆ ಹೋದಳು. ಹಬ್ಬ ಕಳೆದ ಮೇಲೆ ಸಕ್ಕರೆ ಹಂಚಿ ಮದುವೆ ಗೊತ್ತುಮಾಡುವುದೆಂದು ಹಿರಿಯರು ಮಾತಾಡಿಕೊಂಡರು.

ಬಂದವರು ಎದ್ದರು. ಸಾಹುಕಾರರು ಆಗಲೇ ಓಣಿಯಲ್ಲಿ ಜೀಪಿನ ಹತ್ತಿರ ಹೋಗಿದ್ದರು. ವರನ ತಾಯಿ ಅಜ್ಜಿಯಿಂದ ಕುಂಕುಮ ಹಚ್ಚಿಸಿಕೊಂಡು, ಸೆರಗು ಹೊದ್ದು, ನಮ್ಮ ಹೊಸ್ತಿಲ ಆಚೆ ಒಂದು ಕಾಲಿಟ್ಟಳು. ನಾನು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಹತ್ತಿ ನಿಂತಿದ್ದೆ. ಇಂಗ್ಲಿಷಿನಲ್ಲಿ ಕೇಳಿಯಾಗಿತ್ತು, ಅದರಿಂದ ಏನೂ ಆಗಿರಲಿಲ್ಲ. ಈ ಸಲ ನಮ್ಮ ಮಾತಿನಲ್ಲೇ, ನನ್ನಲ್ಲಿದ್ದ ದನಿಯನ್ನೆಲ್ಲ ಹಾಕಿ ಕೇಳಿದೆ.

‘ಎಲ್ಲಿಗೆ ಹೊಂಟೀರಿ ಎಲ್ಲಾರೂ? ಎಲ್ಲಿಗೆ?’

ಆ ಹೆಂಗಸು ಬೆಂಕಿ ತುಳಿದವಳಂತೆ ಕಾಲು ಹಿಂದಕ್ಕೆ ತೆಗೆದಳು. ಅಜ್ಜಿ ‘ಅಯ್ಯ ಶಿವನ!’ ಎಂದು ಹಣೆ ಬಡಿದುಕೊಂಡಳು. ಓಣಿಯಲ್ಲಿದ್ದ ಸಾಹುಕಾರರನ್ನು ವಾಪಸು ಕರೆದರು, ಹೆಡ್‌ಮಾಸ್ತರರನ್ನು ಕರೆದರು, ಎಲ್ಲರೂ ಮತ್ತೆ ಚಪ್ಪಲಿ ಕಳೆದು ಜಮಖಾನೆಯ ಮೇಲೆ ಕೂತರು. ಇಂಗ್ಲಿಷ್ ಶಾಲೆ ತೆರೆದವರು, ಗ್ರಾಮರ್ ಬಲ್ಲವರು, ಡಿಗ್ರಿ ಓದಿದವರು, ಒಬ್ಬೊಬ್ಬರಾಗಿ ಬೆಲ್ಲದ ಚೂರಿಗೆ ಕೈ ಒಡ್ಡಿದರು. ಅಪ್ಪ ನನ್ನನ್ನು ರಟ್ಟೆ ಹಿಡಿದು ಒಳಗೆ ದಬ್ಬಿದ. ಅವ್ವ ಅಡುಗೆಮನೆಯಲ್ಲಿ ಬೆಲ್ಲ ಕುಟ್ಟುತ್ತಿದ್ದಳು. ಅವಳಿಗೆ ಒಂದಕ್ಷರ ಇಂಗ್ಲಿಷ್ ಬರುತ್ತಿರಲಿಲ್ಲ. ಅಕ್ಕನ ಮುಖ ಮಾತ್ರ ನೋಡಿದ್ದಳು. ತಟ್ಟೆಯನ್ನು ಅಜ್ಜಿಯ ಕೈಗೆ ಕೊಟ್ಟು ಕಳಿಸಿ, ಉಳಿದದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಚೂರನ್ನು ಆರಿಸಿ ನನ್ನ ಬಾಯಿಗೆ ಹಾಕಿದಳು. ಮತ್ತೆ ಕುಟ್ಟತೊಡಗಿದಳು.

ಕೆಲವು ದಿನಗಳ ಮೇಲೆ ತುರ್ವಿಹಾಳದವರು ಹೇಳಿಕಳಿಸಿದರು: ಸಂಬಂಧ ಚೆನ್ನಾಗಿದೆ, ಹುಡುಗಿಯಲ್ಲಿ ಐಬಿಲ್ಲ, ಆದರೆ ಹೊರಡುವಾಗ ಮಾತು ಅಡ್ಡ ಬಂತು, ಹೆಂಗಸರ ಮನಸ್ಸು ಒಪ್ಪುತ್ತಿಲ್ಲ. ನನ್ನ ಬೆನ್ನು ಆ ದಿನ ಏನಾಯಿತು ಎಂದು ಬರೆಯುವುದಿಲ್ಲ. ನಾನು ಕುಣಿಯಬೇಕಾಗಿತ್ತು, ಆದರೆ ಕುಣಿಯುವ ಮನಸ್ಸಾಗಲಿಲ್ಲ. ಅಕ್ಕ ಸ್ವಚ್ಛ ಮಾತಿನಲ್ಲಿ ಬೇಡ ಎಂದದ್ದಕ್ಕೆ ಒಂದು ಮಿರ್ಚಿಯ ಬೆಲೆಯೂ ಸಿಗಲಿಲ್ಲ. ಸಣ್ಣ ಹುಡುಗಿಯೊಬ್ಬಳ ಅಪಶಕುನದ ಮಾತಿಗೆ ಇಡೀ ಮದುವೆ ಮುರಿಯಿತು. ನಮ್ಮವರು ಹೆದರಿದ್ದು ಶಕುನಕ್ಕೆ, ಹುಡುಗಿಗಲ್ಲ. ಆ ಸುದ್ದಿ ಸಂತೆಕಲ್ಲೂರಿನವರೆಗೂ ಹೋಯಿತು. ಒಂದೆರಡು ವರ್ಷ ನಮ್ಮ ಮನೆಗೆ ಹೆಣ್ಣು ನೋಡಲು ಯಾರೂ ಬರಲಿಲ್ಲ. ಆಗ ಅಪ್ಪ ಒಂದು ದಿನ ಊಟದ ನಡುವೆ ‘ಸುಮ್ನ ಕುಂತು ಏನ್ ಮಾಡ್ತಾಳ, ಟ್ರೇನಿಂಗರ ಹೋಗಿ ಬರಲಿ’ ಎಂದ. ಅಕ್ಕನ ಜೀವದಾಸೆ ಅವಳಿಗೆ ಸಿಕ್ಕಿದ್ದು ಹೀಗೆ, ತಾಟಿನಲ್ಲಿ ಮಿಕ್ಕಿದ್ದನ್ನು ಕೊಟ್ಟ ಹಾಗೆ. ಅವಳಿಗೆ ಅದು ಬೇಕೇ ಎಂದು ಆಗಲೂ ಯಾರೂ ಕೇಳಲಿಲ್ಲ.

ಅಕ್ಕ ಟೀಚರ್ ಆದಳು. ಮುದಗಲ್ ಕಡೆಯ ಸರಕಾರಿ ಶಾಲೆಯಲ್ಲಿ ಈಗ ಹೆಡ್‌ಮಿಸ್. ಮದುವೆಯೂ ಆಯಿತು. ಆ ಸಲ ನೋಡಲು ಬಂದ ಮೇಷ್ಟ್ರಿಗೆ ‘ನೌಕರಿ ಬಿಡು ಅಂತೀರೇನು?’ ಎಂದು ಮೊದಲ ಪ್ರಶ್ನೆ ಅವಳೇ ಕೇಳಿದ್ದಳು. ನಾನು ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಪ್ರಶ್ನೆ ಮಾಡುವ ಪಾಠ ಬಂದಾಗ ನಾನು ನೋ ಎಂಬುದರಿಂದಲೇ ಶುರು ಮಾಡುತ್ತೇನೆ. ಹುಡುಗಿಯರು ಉತ್ತರ ಚೆನ್ನಾಗಿ ಹೇಳುತ್ತಾರೆ. ಈಗ ನನ್ನನ್ನು ನೀವು ಕೇಳಿ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಯಾರ ಮನೆಯಲ್ಲಿ ಇನ್ನೂ ಯಾವ ಬಾಗಿಲ ಮೇಲೆ ಯಾರು ಏನು ಬರೆಯುತ್ತಿದ್ದಾರೋ ಎಂದು ನನಗೆ ಅಲ್ಲೇ ಸಿಟ್ಟು ನೆತ್ತಿಗೇರುತ್ತದೆ. ಸಹೋದ್ಯೋಗಿಗಳು ‘ಮೇಡಂಗೆ ಬಿಪಿ’ ಎನ್ನುತ್ತಾರೆ.

ಈಚೆಗೆ ಕಾಕಾನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ನಾನೂ ಅಕ್ಕನೂ ಮಸ್ಕಿಗೆ ಹೋಗಿದ್ದೆವು. ಅಜ್ಜಿ, ಅಪ್ಪ, ಅವ್ವ ಯಾರೂ ಈಗ ಇಲ್ಲ. ಮಣ್ಣಿನ ಮಾಳಿಗೆಯ ಹಳೆ ಮನೆ ಹೋಗಿ ಆರ್‌ಸಿಸಿ ಬಂದಿದೆ, ಸವೆದ ಹೊಸ್ತಿಲ ಜಾಗದಲ್ಲಿ ನುಣ್ಣನೆಯ ಗ್ರಾನೈಟ್ ಇದೆ. ಊಟವಾದ ಮೇಲೆ ಕಾಕಾ ಕುರ್ಚಿಯಲ್ಲಿ ಕೂತು, ಬೀಗರೆದುರು ಹಳೆಯ ಕಥೆ ತೆಗೆದ. ಈ ನೀಲಾ ಸಣ್ಣಾಕಿ ಇದ್ದಾಗ ಕಟ್ಟೆ ಹತ್ತಿ ‘ಎಲ್ಲಿಗೆ’ ಅಂದು ಅಕ್ಕನ ಮದುವೆ ಮುರಿದಳು ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬೀಗರೂ ನಕ್ಕರು. ಅಕ್ಕ ತನ್ನ ಚೀಲ ಹೆಗಲಿಗೆ ಹಾಕಿಕೊಂಡು ಹೊರಡಲು ನಿಂತಿದ್ದಳು, ಮುದಗಲ್ ಕಡೆಯ ಬಸ್ಸಿಗೆ ಹೊತ್ತಾಗಿತ್ತು.

‘ಅದಕ್ಕೂ ಮೊದ್ಲು ಅಕ್ಕ ಒಂದು ಮಾತು ಅಂದಿದ್ಲಲ್ಲ ಕಾಕಾ, ಎಲ್ಲಾರ ಮುಂದ. ಏನಂದಿದ್ಲು, ನೆನಪೈತೇನು?’ ಎಂದು ಕೇಳಿದೆ.

ಕಾಕಾ ಹುಬ್ಬು ಗಂಟು ಹಾಕಿ ಯೋಚಿಸಿದ. ನಿಜವಾಗಿಯೂ ಯೋಚಿಸಿದ.

‘ಏನೋ ಅಂದಿದ್ಲವಾ. ಮಾತು ನೆನಪಿಲ್ಲ. ಗ್ರಾಮರ್ ಬರೋಬ್ಬರಿ ಇತ್ತು, ಅದಷ್ಟ ನೆನಪೈತಿ.’

ನಾನು ಬಾಯಿ ತೆರೆದೆ. ಅಕ್ಕ ನನ್ನ ಕೈ ಹಿಡಿದು ತಡೆದಳು. ಚೀಲ ಕೆಳಗಿಟ್ಟು, ಒಂದು ಕುರ್ಚಿ ಎಳೆದುಕೊಂಡು ಕಾಕಾನ ಎದುರಿಗೇ ಕೂತಳು.

‘ನಾ ಒಲ್ಲೆ ಅಂದಿದ್ದೆ, ಕಾಕಾ.’